ಒಲ್ಲೆ ಅರ್ಜಿ

ಹೊಸ ಮುನವಳ್ಳಿ
ಬಿಡುದಿನ, ೨೨೩೧

ಇನ್ನೂರು ವರ್ಷ ಹಿಂದಿರುವ ನಿಮಗೆ,

ಮೇಲಿನ ತಾರೀಖು ನೋಡಿ, ಯಾರೋ ತಮಾಷೆಗೆ ಬರೆದದ್ದೆಂದು ಈ ಕಾಗದವನ್ನು ಪಕ್ಕಕ್ಕಿಡಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ತಿಂಗಳಿಗೆ ಇಪ್ಪತ್ತೆಂಟು ದಿನ. ಹಾಗೆ ಎಣಿಸಿದರೆ ಕೊನೆಗೆ ಒಂದು ದಿನ ಯಾವ ತಿಂಗಳಿಗೂ ಸೇರದೆ ಉಳಿಯುತ್ತದೆ. ಅದೇ ಬಿಡುದಿನ. ಅವತ್ತು ಕಚೇರಿಯಿಲ್ಲ, ಶಾಲೆಯಿಲ್ಲ, ಕಾಲುವೆಯ ತೂಬನ್ನೂ ತೆರೆಯುವುದಿಲ್ಲ. ನಿವೃತ್ತರಾದ ಸರ್ಕಾರಿ ನೌಕರರು ಆ ದಿನ ಹಿಂದಿನವರಿಗೆ ಒಂದು ಕಾಗದ ಬರೆದು ದಫ್ತರಖಾನೆಗೆ ಒಪ್ಪಿಸುವ ರೂಢಿ ನಮ್ಮಲ್ಲಿದೆ. ಅದಕ್ಕೆ ಹಿಂದೋಲೆ ಎನ್ನುತ್ತೇವೆ. ತಲುಪುವುದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನಾನು ನಿವೃತ್ತಳಾಗಿ ಹದಿನೆಂಟು ವರ್ಷವಾಯಿತು, ಇಷ್ಟು ದಿನ ಬರೆದಿರಲಿಲ್ಲ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಕಡತ ಓದಿ ಕಲಿತವಳು ನಾನು. ಮಾತು ಅಲ್ಲಲ್ಲಿ ಒರಟಾಗಿಯೋ ಪರಕೀಯವಾಗಿಯೋ ಕೇಳಿಸಿದರೆ ಕ್ಷಮಿಸಿ.

ನನ್ನ ಹೆಸರು ನೀಲಾಂಬಿಕೆ ಹೊಂಬಳ. ವಯಸ್ಸು ಎಪ್ಪತ್ತೆಂಟು. ಇಪ್ಪತ್ತಾರು ವರ್ಷ ಆಲಿಕೆದಾರಳಾಗಿ ಕೆಲಸ ಮಾಡಿದೆ. ನ್ಯಾಯಾಧೀಶರಿಗಿಂತ ಕೆಳಗಿನ, ಗುಮಾಸ್ತರಿಗಿಂತ ಮೇಲಿನ ಹುದ್ದೆ ಅದು. ಒಂದು ಕಾಯ್ದೆ ತಮ್ಮ ಮನಸ್ಸಾಕ್ಷಿಗೆ ಒಗ್ಗುವುದಿಲ್ಲ ಎಂದು ಯಾರಾದರೂ ತಕರಾರು ತಂದರೆ, ಕೂತು ಕೇಳಿ ಅಪ್ಪಣೆ ಬರೆಯುವುದು ನಮ್ಮ ಕೆಲಸ. ನಮ್ಮ ಊರು ಮಲಪ್ರಭೆಗೆ ಹೆದರಿ ಎರಡು ಸಲ ಗುಡ್ಡ ಹತ್ತಿದ ಊರು. ಹಳೆಯ ಮುನವಳ್ಳಿ ಈಗ ನೀರಿನಡಿಯಲ್ಲಿದೆ. ಹೊಸ ಊರಿನ ಬೀದಿಗಳಿಗೆಲ್ಲ ಚಪ್ಪರ, ಚಪ್ಪರದ ಮೇಲೆ ಬಳ್ಳಿ. ಬೆಳಗ್ಗೆ ಐದಕ್ಕೆ ಕಚೇರಿ ತೆರೆದು ಹತ್ತೂವರೆಗೆ ಮುಚ್ಚುತ್ತದೆ. ಆಮೇಲೆ ಸಂಜೆ ನಾಲ್ಕೂವರೆಯವರೆಗೆ ಬಿಸಿಲ ಬಿಡುವು, ಆ ಹೊತ್ತಿನಲ್ಲಿ ಹೊರಗೆ ಯಾರೂ ಕೆಲಸ ಮಾಡುವಂತಿಲ್ಲ. ಜೋಳದ ರೊಟ್ಟಿ ಈಗಲೂ ತಿನ್ನುತ್ತೇವೆ. ಎಮ್ಮೆ ಅಪರೂಪವಾಗಿದೆ, ಮೊಸರು ಶೇಂಗಾದ್ದು. ನನ್ನ ಆಲಿಕೆಕೋಣೆಯಲ್ಲಿ ಒಂದು ಕಲ್ಲಿನ ಮೇಜು, ಎದುರಿಗೆ ಮೂರು ಸಾಲು ಬೆಂಚು, ಆಡಿದ ಮಾತನ್ನೆಲ್ಲ ಹಿಡಿದಿಡುವ ಒಂದು ದನಿಪಟ್ಟಿ, ಇಷ್ಟೇ ಇದ್ದವು. ಆ ದನಿಪಟ್ಟಿಯ ಒಂದು ನಕಲು ನನ್ನ ಬಳಿ ಇದೆ. ಆದ್ದರಿಂದ ಕೆಳಗೆ ಬರೆಯುವ ಆಲಿಕೆಯ ಮಾತುಗಳು ನನ್ನ ನೆನಪಿನವಲ್ಲ, ಅವರು ಆಡಿದವು.

ನೀವು ಆರೋಗ್ಯ ವಿಮೆ ಎನ್ನುತ್ತಿದ್ದುದಕ್ಕೆ ನಮ್ಮಲ್ಲಿ ಕ್ಷೇಮಚೀಟಿ ಎಂದು ಹೆಸರು. ಹೆಬ್ಬೆರಳಿನಷ್ಟು ಅಗಲದ ತಗಡು. ಕೆಲಸ ಮಾಡುವ ಪ್ರತಿಯೊಬ್ಬರಿಗೂ ಅವರ ಧಣಿ ಅದನ್ನು ಕೊಡಿಸಬೇಕು. ಯಾವ ಯಾವ ಆರೈಕೆ ಅದರಲ್ಲಿ ಸೇರಿದೆಯೆಂದು ವರ್ಷಕ್ಕೊಮ್ಮೆ ಧಣಿಯೇ ಸಹಿ ಹಾಕಬೇಕು. ಮದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಹಿಂದೆ ಕಳ್ಳಮದ್ದು ಕುಡಿದು ಜನ ಸತ್ತ ಮೇಲೆ ಮದ್ದಿನ ಅಂಗಡಿಗಳನ್ನೆಲ್ಲ ಮುಚ್ಚಿಸಿ, ಓಣಿಗೊಂದು ಮದ್ದಿನ ಗೂಡು ಇಟ್ಟರು. ಗೂಡಿಗೆ ಚೀಟಿ ತೋರಿಸಿದರೆ ಬಾಗಿಲು ತೆರೆಯುತ್ತದೆ, ನರ್ಸಮ್ಮ ಬೇಕಾದ್ದನ್ನು ಕೊಡುತ್ತಾಳೆ. ಚೀಟಿಯಲ್ಲಿ ಬರೆದಿಲ್ಲದ್ದನ್ನು ಬೇಡಿದರೆ ಬಾಗಿಲು ತೆರೆಯುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲೂ ಇದೇ ಗೂಡು, ಇದೇ ಚೀಟಿ. ೨೧೯೬ರಲ್ಲಿ ಸರ್ಕಾರ ಹೊಸ ಕಾಯ್ದೆ ತಂದಿತು. ಬಸಿರು ತಡೆಯುವ ಮದ್ದು, ಕಡ್ಡಿ, ಚುಚ್ಚುಮದ್ದು ಎಲ್ಲವೂ ಇನ್ನುಮೇಲೆ ಪ್ರತಿ ಚೀಟಿಯಲ್ಲೂ ಇರಲೇಬೇಕು ಎಂದಿತು. ಅದಕ್ಕೂ ಮುಂಚೆ ಇವು ಒಂದು ಬೇರೆ ಸರ್ಕಾರಿ ಪಟ್ಟಿಯಲ್ಲಿದ್ದು, ಯಾರ ಸಹಿಯೂ ಇಲ್ಲದೆ ಸಿಗುತ್ತಿದ್ದವು. ಎಲ್ಲವನ್ನೂ ಒಂದೇ ಚೀಟಿಗೆ ತಂದರೆ ಅನುಕೂಲವೆಂದು ಯಾರಿಗೋ ಹೊಳೆದಿತ್ತು.

ಧರ್ಮ ಅಡ್ಡ ಬರುತ್ತದೆ ಎನ್ನುವವರಿಗೆ ಕಾಯ್ದೆಯಲ್ಲಿ ಒಂದು ದಾರಿಯಿತ್ತು. ಅಧಿಕೃತ ಹೆಸರು ಉದ್ದದ್ದು, ಜನ ಅದನ್ನು ಒಲ್ಲೆ ಅರ್ಜಿ ಎನ್ನುತ್ತಿದ್ದರು. ಅದು ಪುಕ್ಕಟೆ ಬಂದ ಹಕ್ಕಲ್ಲ. ನಾನು ಹುಟ್ಟುವ ಕಾಲಕ್ಕೆ ಎಂಟು ವರ್ಷ ನಡೆದ ಒಂದು ಆಳ್ವಿಕೆಗೆ ಮಿತಿಯ ವರ್ಷಗಳು ಎಂದು ಹೆಸರು. ಅನ್ನ ಸಾಲದು, ನೀರು ಸಾಲದು, ಒಂದು ಮನೆಗೆ ಒಂದೇ ಕೂಸು ಎಂದು ಆಗಿನ ಸರ್ಕಾರ ಹೇಳಿತು. ಎರಡನೆಯ ಸಲ ಬಸಿರಾದವರನ್ನು ಬಸಿರು ತೆಗೆಸಲು ಬಂಡಿಯಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಆಸ್ಪತ್ರೆಗಳೆಲ್ಲ ಅಪ್ಪಣೆಯಂತೆ ನಡೆದವು. ನಡೆಯದೆ ಉಳಿದದ್ದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ನಮ್ಮೂರ ಗುಡ್ಡದ ಕರುಣಾಮಾತೆ ಆಸ್ಪತ್ರೆ, ಕಥೋಲಿಕ ಸಿಸ್ಟರುಗಳು ನಡೆಸುತ್ತಿದ್ದದ್ದು. ಅವರು ಒಲ್ಲೆವು ಎಂದರು. ನೀರು ಕಡಿದರೂ, ಬಾಗಿಲು ಮುರಿದರೂ ಒಲ್ಲೆವು ಎಂದರು. ಅವರ ದವಸದ ಕೋಣೆಯಲ್ಲಿ ಇಪ್ಪತ್ಮೂರು ಬಸುರಿಯರನ್ನು ಬಚ್ಚಿಟ್ಟಿದ್ದರು. ನನ್ನವ್ವ ಅವರಲ್ಲೊಬ್ಬಳು. ನಾನು ಅವಳ ಎರಡನೆಯ ಮಗಳು.

ಈ ಮಾತನ್ನು ಆಲಿಕೆಯ ಮೊದಲ ದಿನವೇ ನಾನು ಹೇಳಬೇಕಿತ್ತು. ಹೇಳಲಿಲ್ಲ.

೨೧೯೭ರ ಮೂರನೆಯ ತಿಂಗಳಲ್ಲಿ ಆ ಆಸ್ಪತ್ರೆಯ ಒಲ್ಲೆ ಅರ್ಜಿ ನನ್ನ ಮೇಜಿಗೆ ಬಂತು. ಮದ್ದಿನಿಂದ ಬಸಿರು ತಡೆಯುವುದೂ ಅವರ ಧರ್ಮಕ್ಕೆ ಪಾಪ. ತಂದವರು ಸಿಸ್ಟರ್ ಎಮರೆನ್ಸಿಯಾ. ಹೊನ್ನಾವರದ ಕಡೆಯವರು, ಮೂವತ್ತೈದು ವರ್ಷದಿಂದ ನಮ್ಮಲ್ಲಿದ್ದರು. ಅರವತ್ತಾರು ವಯಸ್ಸು, ಒಂದು ಕಿವಿ ಮಂದ. ಆಸ್ಪತ್ರೆಯ ಮೇಲ್ವಿಚಾರಣೆ ಅವರದು, ಕೆಲಸದವರ ಚೀಟಿಗೆ ಸಹಿ ಹಾಕಬೇಕಾದವರೂ ಅವರೇ. ನೂರಾ ನಲವತ್ತು ಜನ ಕೆಲಸದವರು, ಅವರಲ್ಲಿ ಸಿಸ್ಟರ ಧರ್ಮದವರು ಹತ್ತು ಜನರೂ ಇಲ್ಲ. ಸರ್ಕಾರದ ಪರ ಮುಧೋಳಕರ್ ಎಂಬ ವಕೀಲರು ಬಂದಿದ್ದರು. ಒಳ್ಳೆಯ ಮನುಷ್ಯ, ದಣಿದ ಮನುಷ್ಯ, ಅದೇ ದಿನ ಇನ್ನೂ ನಾಲ್ಕು ಆಲಿಕೆ ಇದ್ದವರು. ಅವರು ಮೊದಲೇ ಒಂದು ರಾಜಿ ಮುಂದಿಟ್ಟರು. ಸಿಸ್ಟರು ಆ ಮದ್ದು ಕೊಡಬೇಕಾಗಿಲ್ಲ, ಕೊಡಿಸಬೇಕಾಗಿಯೂ ಇಲ್ಲ. ನಾವು ಕೊಡುವುದಿಲ್ಲ, ಸರ್ಕಾರವೇ ಕೊಡಲಿ ಎಂದು ಒಂದು ಕಾಗದಕ್ಕೆ ಸಹಿ ಹಾಕಿದರೆ ಸಾಕು, ಮಿಕ್ಕಿದ್ದು ಸರ್ಕಾರ ನೋಡಿಕೊಳ್ಳುತ್ತದೆ.

ಸಿಸ್ಟರ್ ಎಮರೆನ್ಸಿಯಾ ಆ ಕಾಗದವನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಇದಕ್ಕೂ ಸಹಿ ಮಾಡೋದಿಲ್ಲ" ಎಂದರು.

"ಯಾಕ್ರೀ ಸಿಸ್ಟರ್?" ಮುಧೋಳಕರ್ ಕೇಳಿದರು. "ಇದರಾಗ ನೀವು ಒಲ್ಲೆ ಅಂತನ ಬರದೈತಲ್ಲ?"

"ನಾನು ಒಲ್ಲೆ ಅಂತ ಬರೆದ ಕೂಡ್ಲೆ ಗೂಡಿನ ಬಾಗಿಲು ತೆರೀತದೆ. ಹೌದೋ ಅಲ್ವೋ?"

"ಹೌದು."

"ಹಾಗಾದ್ರೆ ಅದು ಒಲ್ಲೆ ಅಂದ ಹಾಗಲ್ಲ ಮಗಾ. ಬೀಗದ ಕೈ ನಾನೇ ತಿರುವಿ, ಮುಖ ಆಚೆ ತಿರುಗಿಸಿಕೊಂಡ ಹಾಗೆ. ನಾನು ಯಾರನ್ನೂ ತಡೆಯೋದಿಲ್ಲ. ನಮ್ಮ ಕೆಲಸದವರು ಮನೇಲಿ ಏನು ಮಾಡ್ತಾರೆ ಅಂತ ಒಂದಿನ ಕೇಳಿದವಳಲ್ಲ. ನನ್ನ ಕೈಯಿಂದ ಆಗಬಾರದು, ಅಷ್ಟೇ. ಇವತ್ತು ಸಣ್ಣದು ಅಂತ ಸಹಿ ಹಾಕಿದ್ರೆ, ನಾಳೆ ಮಿತಿಯ ವರ್ಷ ತಿರುಗಿ ಬಂದಾಗ ಯಾವ ಬಾಯಲ್ಲಿ ಒಲ್ಲೆ ಅನ್ಲಿ?"

ಆಲಿಕೆ ಕೇಳಲು ಬಂದು ಬೆಂಚುಗಳ ಮೇಲೆ ಕೂತಿದ್ದ ಮುದುಕಿಯರಲ್ಲಿ ಇಬ್ಬರು ಕೈ ಮುಗಿದರು. ನನಗೆ ನನ್ನವ್ವನ ಮುಖ ಕಣ್ಣಿಗೆ ಕಟ್ಟಿತು. ನಾನು, ಇನ್ನಷ್ಟು ಕಾಗದಪತ್ರ ಬೇಕು, ಮುಂದಿನ ಆಲಿಕೆ ಆರನೆಯ ತಿಂಗಳು ಎಂದು ಬರೆದೆ. ಅಲ್ಲಿಯವರೆಗೆ ಇದ್ದದ್ದು ಇದ್ದಹಾಗೇ ಇರಲಿ ಎಂದೂ ಬರೆದೆ. ಹಾಗೆಂದರೆ ಆ ಆಸ್ಪತ್ರೆಯ ನೂರಾ ನಲವತ್ತು ಚೀಟಿಗಳಲ್ಲಿ ಆ ಒಂದು ಸಾಲು ಖಾಲಿ ಉಳಿಯಿತು. ಹಳೆಯ ಸರ್ಕಾರಿ ಪಟ್ಟಿಯನ್ನು ಅಷ್ಟರಲ್ಲೇ ರದ್ದು ಮಾಡಿದ್ದರು. ಕೆಲಸದವರಿಗೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಇದು ನನಗೆ ಗೊತ್ತಿತ್ತು. ಮೂರು ತಿಂಗಳ ಮಾತು ಅಂದುಕೊಂಡೆ.

ಈಗ ಫಕೀರವ್ವ ತಳವಾರಳ ಬಗ್ಗೆ ಹೇಳಬೇಕು. ಆಕೆ ಅದೇ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಮನೆಯ ಮೇಸ್ತ್ರಿ. ಎಂಟು ವರ್ಷದವಳಿದ್ದಾಗ ಎರಡನೆಯ ನೆರೆ ಬಂದು ತಾಯಿ ತಂದೆ ಇಬ್ಬರೂ ಹೋದರು. ಸಿಸ್ಟರುಗಳ ವಸತಿಯಲ್ಲೇ ಬೆಳೆದಳು. ತಲೆಗೆ ಎಣ್ಣೆ ಹಚ್ಚಿ, ಅಕ್ಷರ ಕಲಿಸಿ, ಜ್ವರ ಬಂದಾಗ ಪಕ್ಕದಲ್ಲಿ ಕೂತವರು ಸಿಸ್ಟರ್ ಎಮರೆನ್ಸಿಯಾ. ಸಿಸ್ಟರವ್ವ ಎಂದು ಕರೆಯುತ್ತಿದ್ದಳು. ಆಕೆಯನ್ನು ತಮ್ಮ ಧರ್ಮಕ್ಕೆ ಸೇರು ಎಂದು ಅವರು ಒಂದು ದಿನವೂ ಕೇಳಲಿಲ್ಲ. ಬೆಳೆದ ಮೇಲೆ ಯಮನೂರಪ್ಪ ಎಂಬ ಕಾಲುವೆ ಕೆಲಸದವನಿಗೆ ಮದುವೆ ಮಾಡಿಸಿದವರೂ ಅವರೇ. ಎರಡು ಗಂಡುಮಕ್ಕಳಾದವು. ಹುಡುಗಿಯಾಗಿದ್ದಾಗ ಕೀಲುನೋವಿನ ಜ್ವರ ಬಂದು ಎದೆಯ ಕವಾಟ ಕೆಟ್ಟಿತ್ತು. ಎರಡನೆಯ ಹೆರಿಗೆಯಲ್ಲಿ ಬದುಕಿದ್ದೇ ದೊಡ್ಡದು. ಇನ್ನೊಂದು ಬಸಿರನ್ನು ಈ ಎದೆ ತಾಳುವುದಿಲ್ಲ, ಶಸ್ತ್ರಕ್ರಿಯೆಯನ್ನೂ ತಾಳುವುದಿಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ತೋಳಿನ ಚರ್ಮದ ಕೆಳಗೆ ಮೂರು ವರ್ಷ ಬರುವ ಒಂದು ಕಡ್ಡಿ ಇಡುತ್ತಾರೆ, ಬಸಿರು ನಿಲ್ಲದ ಹಾಗೆ. ಅದನ್ನು ಹಳೆಯ ಪಟ್ಟಿಯಲ್ಲಿ ಇಡಿಸಿಕೊಂಡಿದ್ದಳು. ಅದರ ಅವಧಿ ಮುಗಿದದ್ದು ೨೧೯೭ರ ನಾಲ್ಕನೆಯ ತಿಂಗಳು.

ಅವಳು ಗೂಡಿಗೆ ಹೋದಳು. ತೆರೆಯಲಿಲ್ಲ. ಬಾಗಿಲ ಮೇಲೆ, ನಿಮ್ಮ ಚೀಟಿಯ ಈ ಸಾಲು ತಕರಾರಿನಲ್ಲಿದೆ ಎಂದು ಬಂತು. ಸರ್ಕಾರಿ ಆಸ್ಪತ್ರೆಗೆ ಹೋದಳು, ಅಲ್ಲೂ ಅದೇ. ನರ್ಸಮ್ಮನಿಗೆ ತನ್ನ ಎದೆಯ ಬಗ್ಗೆ ಡಾಕ್ಟರು ಬರೆದ ಕಾಗದ ತೋರಿಸಿದಳಂತೆ. "ನಾ ಏನ್ ಮಾಡ್ಲವಾ, ಬಾಗಲಾ ನನ್ನ ಮಾತು ಕೇಳೂದಿಲ್ಲ" ಎಂದು ಆ ಹುಡುಗಿ ಅತ್ತಳಂತೆ. ಆಗ ಫಕೀರವ್ವ ಆರನೆಯ ತಿಂಗಳ ಆಲಿಕೆಗೆ ಬಂದಳು. ಒಗೆಯುವ ಮನೆಯಿಂದ ನೇರ ಬಂದಿದ್ದಳು, ಸೀರೆಯ ಸೆರಗು ಒದ್ದೆ. ಮೆಟ್ಟಿಲು ಹತ್ತಿ ಬಂದು ಉಸಿರು ಹಿಡಿಯಲು ಬಹಳ ಹೊತ್ತು ಬೇಕಾಯಿತು. ಸಿಸ್ಟರ್ ಎಮರೆನ್ಸಿಯಾ ಎದ್ದು ತಮ್ಮ ಜಾಗ ಬಿಟ್ಟುಕೊಟ್ಟರು. ಫಕೀರವ್ವ ಕೂರಲಿಲ್ಲ.

"ಬಾಯಾರ, ನಂದೊಂದು ಮಾತೈತ್ರಿ" ಎಂದಳು. "ಕಾಯ್ದೆ ನಂಗ ತಿಳಿಯೂದಿಲ್ಲ. ಸಿಸ್ಟರವ್ವ ಸಹಿ ಮಾಡಂಗಿಲ್ಲ ಅಂತಾಳ. ಅಕಿ ದೇವರು ಅಕಿಗೆ. ಅಕಿ ಒಮ್ಮೆ ಇಲ್ಲ ಅಂದ್ರ ಮುಗೀತು, ನಂಗ ಗೊತ್ತೈತಿ, ಅಕಿ ಕೈಯಾಗ ಬೆಳದಾಕಿ ನಾನು. ಅಕಿ ಕಡೆಯಿಂದ ಅದನ್ನ ಮಾಡಿಸಬ್ಯಾಡ್ರಿ. ಆದ್ರ ನನ್ನ ಎದಿ ನಂದಲ್ಲೇನ್ರಿ? ನನ್ನ ಚೀಟಿ ಅಕಿ ಮೇಜಿನ ಮ್ಯಾಲೆ ಯಾಕ ಐತಿ, ಮೊದಲ ಅದನ್ನ ಹೇಳ್ರಿ."

ಮುಧೋಳಕರ್ ಎದ್ದು, ಚೀಟಿಯ ವ್ಯವಸ್ಥೆಯೇ ಹಾಗಿದೆ, ಧಣಿಯ ಸಹಿಯಿಲ್ಲದೆ ಗೂಡು ತೆರೆಯುವುದಿಲ್ಲ, ಅದನ್ನು ಬದಲಿಸುವುದು ಈ ಆಲಿಕೆಯ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಫಕೀರವ್ವ ಅವರ ಕಡೆ ನೋಡಲಿಲ್ಲ.

"ಫಕೀರಿ" ಎಂದರು ಸಿಸ್ಟರ್. "ಈ ಮಾತು ನನಗೆ ಮೊದಲು ಹೇಳಬಾರದಿತ್ತಾ?"

"ಹೇಳಿದ್ರ ನೀ ಏನ್ ಮಾಡ್ತಿದ್ದಿ?"

ದನಿಪಟ್ಟಿಯಲ್ಲಿ ಸಿಸ್ಟರ ಸ್ವರ ಸಣ್ಣದಾಗಿ ಕೇಳಿಸುತ್ತದೆ: "ಪ್ರಾರ್ಥನೆ ಮಾಡ್ತಿದ್ದೆ." ಅದಕ್ಕೆ ಫಕೀರವ್ವ, "ಅದನ್ನ ನೀ ಈಗೂ ಮಾಡ್ತಿ" ಎಂದಳು. ಸಿಟ್ಟಿನಲ್ಲಿ ಹೇಳಿದ್ದಲ್ಲ.

ಅಂದು ನಾನು ಏನು ಮಾಡಬೇಕಿತ್ತು ಎನ್ನುವುದು ಆಕೆಯ ಮಾತಿನಲ್ಲೇ ಇತ್ತು. ಸಿಸ್ಟರಿಂದ ಸಹಿ ಕೇಳಬೇಡಿ, ಈ ಕೆಲಸದವರ ಆ ಒಂದು ಸಾಲನ್ನು ಯಾರ ಮೂಲಕವೂ ಹೋಗದ ಹಾಗೆ ಸರ್ಕಾರ ನೇರ ತುಂಬಲಿ ಎಂದು ಬರೆಯುವ ಅಧಿಕಾರ ನನಗಿತ್ತು. ಮುಧೋಳಕರ್ ಮೇಲಿನವರಲ್ಲಿಗೆ ಒಯ್ಯುತ್ತಿದ್ದರು, ಒಯ್ಯಲಿ. ಆದರೆ ನನಗೆ ಹೆದರಿಕೆಯಿತ್ತು. ಸಿಸ್ಟರ ಪರ ಒಂದು ಅಕ್ಷರ ಬರೆದರೂ, ಇವಳು ಅವರ ದವಸದ ಕೋಣೆಯಲ್ಲಿ ಹುಟ್ಟಿದವಳು ಎಂದು ನಾಳೆ ಯಾರಾದರೂ ಎತ್ತಿ ಆಡಿದರೆ? ಅವರ ವಿರುದ್ಧ ಬರೆಯಲು ಕೈ ಬರುತ್ತಿರಲಿಲ್ಲ. ಎರಡೂ ಕಡೆ ಸರಿಯಿದೆ ಅನಿಸಿದಾಗ ನನ್ನಂಥವರು ಒಂದು ಕೆಲಸ ಮಾಡುತ್ತೇವೆ. ತಾರೀಖು ಕೊಡುತ್ತೇವೆ. ಅದು ತಾಳ್ಮೆಯ ಹಾಗೆ, ನಿಷ್ಪಕ್ಷಪಾತದ ಹಾಗೆ ಕಾಣುತ್ತದೆ. ಒಂಬತ್ತನೆಯ ತಿಂಗಳು ಎಂದು ಬರೆದೆ. ತಜ್ಞರ ಅಭಿಪ್ರಾಯ ತರಿಸಿ ಎಂದು ಇನ್ನೊಂದು ಸಾಲು ಸೇರಿಸಿದೆ. ಫಕೀರವ್ವ ಹೊರಗೆ ಹೋಗುವಾಗ ಬಾಗಿಲ ಹತ್ತಿರ ನಿಂತು, "ಒಂಬತ್ತು ಅಂದ್ರ ಇನ್ನ ಮೂರ ತಿಂಗಳಲ್ರೀ?" ಎಂದು ಜವಾನನನ್ನು ಕೇಳಿದ್ದು ನನಗೆ ಕೇಳಿಸಿತು.

ಒಂಬತ್ತನೆಯ ತಿಂಗಳ ಆಲಿಕೆಗೆ ಆಕೆ ಬರಲಿಲ್ಲ. ಸಂಬಂಧಪಟ್ಟವರು ಗೈರುಹಾಜರು ಎಂದು ಬರೆದೆ. ತಜ್ಞರ ಅಭಿಪ್ರಾಯವೂ ಬಂದಿರಲಿಲ್ಲ. ಹನ್ನೆರಡನೆಯ ತಿಂಗಳಿಗೆ ಹಾಕಿದೆ.

ಯಮನೂರಪ್ಪ ತಿಂಗಳಿಗೊಮ್ಮೆ ಕಾಲುವೆ ಕೆಲಸದಿಂದ ಮನೆಗೆ ಬರುತ್ತಿದ್ದ. ಅವರು ಹುಷಾರಾಗಿ ಇರಬಾರದಿತ್ತೇ ಎಂದು ಊರಲ್ಲಿ ಕೆಲವರು ಆಮೇಲೆ ಕೇಳಿದರು. ಆ ಪ್ರಶ್ನೆಯನ್ನು ಇನ್ನೂರು ವರ್ಷ ಹೊತ್ತು ನಿಮ್ಮವರೆಗೆ ತರಲು ನನಗೆ ಮನಸ್ಸಿಲ್ಲ. ಉಸಿರು ಕಟ್ಟುವುದು, ಕಾಲು ಬಾಯುವುದು ಎಲ್ಲ ಎದೆಯ ರೋಗದ್ದೆಂದೇ ಫಕೀರವ್ವ ತಿಳಿದಿದ್ದಳು. ಬಸಿರು ಗೊತ್ತಾಗುವ ಹೊತ್ತಿಗೆ ಐದು ತಿಂಗಳು ತುಂಬಿತ್ತು. ತೆಗೆಸಿದರೂ ಅಪಾಯ, ಉಳಿಸಿದರೂ ಅಪಾಯ ಎಂದು ಡಾಕ್ಟರು ಕೈಚೆಲ್ಲಿದರು. ಕರುಣಾಮಾತೆ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ, ಆಕೆ ತಾನೇ ಒಗೆದು ಮಡಚಿದ ಹೊದಿಕೆಯ ಮೇಲೆ ಮಲಗಿಸಿದರು.

ಇದೆಲ್ಲ ನನಗೆ ಗೊತ್ತಾದದ್ದು ಹನ್ನೆರಡನೆಯ ತಿಂಗಳ ಆಲಿಕೆಯ ಬೆಳಗ್ಗೆ. ಸಿಸ್ಟರ್ ಎಮರೆನ್ಸಿಯಾ ಒಬ್ಬರೇ ಬಂದರು. ವಕೀಲರನ್ನು ಕರೆತಂದಿರಲಿಲ್ಲ, ಕಾಗದವನ್ನೂ ತಂದಿರಲಿಲ್ಲ. ಎದುರಿನ ಬೆಂಚಿನ ಮೇಲೆ ಕೂತು, ಫಕೀರವ್ವನ ಸ್ಥಿತಿಯನ್ನು ನರ್ಸು ಡಾಕ್ಟರಿಗೆ ಹೇಳುವ ಹಾಗೆ ಹೇಳಿದರು. ನಾಡಿ ಇಷ್ಟು, ಕಾಲಿನ ಬಾವು ಇಷ್ಟು, ಮಲಗಿದರೆ ಉಸಿರು ಕಟ್ಟುತ್ತದೆ, ಅದಕ್ಕೇ ಕೂತೇ ನಿದ್ದೆ ಮಾಡುತ್ತಾಳೆ.

"ಅರ್ಜಿ ಹಿಂದೆ ತಗೋತೀರಾ ಸಿಸ್ಟರ್?" ಎಂದು ಕೇಳಿದೆ.

"ಇಲ್ಲ" ಎಂದರು. "ನಾನು ಸಹಿ ಮಾಡೋದಿಲ್ಲ. ಆವತ್ತೂ ಮಾಡ್ತಿರಲಿಲ್ಲ, ಇವತ್ತೂ ಮಾಡೋದಿಲ್ಲ. ಮಾಡಿದ್ರೆ ನಾನು ನಾನಾಗಿ ಇರೋದಿಲ್ಲ. ಆದ್ರೆ ನೀವು ಏನಾದ್ರೂ ಒಂದು ಬರೀರಿ ತಾಯಿ. ನನ್ನ ವಿರುದ್ಧ ಬರೀರಿ, ಆಸ್ಪತ್ರೆ ಮುಚ್ಚು ಅಂತ ಬರೀರಿ. ಇವತ್ತೇ ಬರೀರಿ. ಅಲ್ಲಿ ಇನ್ನೂ ಮೂವತ್ತು ನಲವತ್ತು ಹೆಣ್ಣುಮಕ್ಕಳು ಕಾಯ್ತಿದ್ದಾರೆ. ಅವರು ನನ್ನ ಹತ್ರ ಬಾಯಿ ಬಿಡೋದಿಲ್ಲ."

ಬರೆದೆ. ಅರ್ಧ ಪುಟವೂ ಆಗಲಿಲ್ಲ. ಸಿಸ್ಟರಿಂದ ಯಾವ ಸಹಿಯನ್ನೂ ಯಾರೂ ಕೇಳತಕ್ಕದ್ದಲ್ಲ. ಕೆಲಸದವರ ಆ ಸಾಲನ್ನು ಸರ್ಕಾರ ಯಾರನ್ನೂ ಕೇಳದೆ ನೇರವಾಗಿ ತುಂಬತಕ್ಕದ್ದು. ಕೆಳಗೆ, ನಾನು ಆ ಆಸ್ಪತ್ರೆಯಲ್ಲಿ ಬಚ್ಚಿಟ್ಟ ತಾಯಿಯ ಮಗಳು ಎಂದೂ ಬರೆದೆ. ಮುಧೋಳಕರ್ ಓದಿ ತಲೆಯೆತ್ತಿ ನನ್ನನ್ನು ನೋಡಿದರು. ಮೇಲಿನವರಲ್ಲಿಗೆ ಒಯ್ಯುತ್ತೇನೆ ಎನ್ನಲಿಲ್ಲ. "ಇದನ್ನ ಮೂರನೇ ತಿಂಗಳದಾಗ ಬರಿಬಹುದಿತ್ತಲ್ರೀ ಬಾಯಾರ" ಎಂದಷ್ಟೇ ಹೇಳಿ, ಕಡತ ಕಂಕುಳಲ್ಲಿಟ್ಟುಕೊಂಡು ಮುಂದಿನ ಆಲಿಕೆಗೆ ಹೋದರು. ಹದಿನೇಳು ದಿನದಲ್ಲಿ ಗೂಡಿನ ಬಾಗಿಲು ತೆರೆಯಿತು. ಆಗುವುದಿಲ್ಲ, ವ್ಯವಸ್ಥೆಯೇ ಹಾಗಿದೆ ಎಂದದ್ದು ಹದಿನೇಳು ದಿನದಲ್ಲಿ ಆಯಿತು.

ನಾನು ವಾರ್ಡಿಗೆ ಹೋದೆ. ಆಲಿಕೆದಾರರು ಹಾಗೆ ಹೋಗುವ ಹಾಗಿಲ್ಲ, ಆದರೂ ಹೋದೆ. ಫಕೀರವ್ವ ದಿಂಬಿಗೆ ಒರಗಿ ಕೂತಿದ್ದಳು, ತುಟಿ ನೀಲಿಗಟ್ಟಿತ್ತು. ಸಿಸ್ಟರ್ ಎಮರೆನ್ಸಿಯಾ ಆಸ್ಪತ್ರೆಯ ಮೇಲ್ವಿಚಾರಣೆ ಬಿಟ್ಟು ಬಿಳಿ ಏಪ್ರನ್ ಕಟ್ಟಿಕೊಂಡು ಆಕೆಯ ಕಾಲು ನೀವುತ್ತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ. ವಾರದಿಂದ ಹಾಗೇ ಎಂದು ನರ್ಸು ಹೇಳಿದಳು. ಸಿಸ್ಟರ್ ಊಟ ಬೇಕೇ ಎಂದರೆ ಫಕೀರವ್ವ ತಲೆಯಾಡಿಸುತ್ತಾಳಂತೆ, ತಲೆ ಬಾಚಲು ಬಂದರೆ ಬೆನ್ನು ತಿರುಗಿಸಿ ಕೂರುತ್ತಾಳಂತೆ, ಒಂದು ಮಾತೂ ಆಡುವುದಿಲ್ಲವಂತೆ. ನನ್ನನ್ನು ನೋಡಿ ಗುರುತು ಹಿಡಿದಳು.

"ಬಾಯಾರ, ಬರದ್ರಂತಲ್ಲ" ಎಂದಳು. "ಚಲೋ ಆತು. ನಮ್ಮ ಒಗಿಯೋ ಮನಿ ಹುಡುಗ್ಯಾರಿಗೆ ಹೇಳೀನಿ, ಹೋಗಿ ತಗೋರಿ ಅಂತ."

ನಾನು ತಪ್ಪಾಯಿತು ಎಂದೆ. ಆಕೆ ಕೇಳಿಸಿಕೊಂಡಳೋ ಇಲ್ಲವೋ. "ಕುತಗೊಳ್ರಿ" ಎಂದು ಕಾಲು ಸ್ವಲ್ಪ ಸರಿಸಿ ಜಾಗ ಮಾಡಿದಳು. ಸಿಸ್ಟರು ಆ ಕಾಲನ್ನು ಬಿಡಲಿಲ್ಲ.

೨೧೯೮ರ ಎರಡನೆಯ ತಿಂಗಳಲ್ಲಿ, ದಿನ ತುಂಬುವ ಮೊದಲೇ, ಹೆಣ್ಣುಕೂಸು ಹುಟ್ಟಿತು. ಅಂಗೈಯಷ್ಟು. ಉಳಿಯಿತು. ದ್ಯಾಮವ್ವ ಎಂದು ಹೆಸರಿಟ್ಟರು. ಫಕೀರವ್ವ ಕೂಡ ಅವತ್ತು ಉಳಿದಳು, ಆದರೆ ಎದ್ದು ಓಡಾಡುವ ಹಾಗಾಗಲಿಲ್ಲ. ಮಗುವನ್ನು ಎತ್ತಿಕೊಳ್ಳುವ ಶಕ್ತಿ ಇರಲಿಲ್ಲ, ಪಕ್ಕದಲ್ಲಿ ಮಲಗಿಸಿದರೆ ಕೈ ಹಾಕಿಕೊಂಡಿರುತ್ತಿದ್ದಳು. ನಾಲ್ಕು ವರ್ಷ ಹಾಗೆ ಕಳೆದಳು. ಸಿಸ್ಟರ್ ಎಮರೆನ್ಸಿಯಾ ನಾಲ್ಕೂ ವರ್ಷ ದಿನಾ ಮಧ್ಯಾಹ್ನ ಬಿಸಿಲ ಬಿಡುವಿನಲ್ಲಿ ಅವಳ ಮನೆಗೆ ಬಂದು ಇರುತ್ತಿದ್ದರು. ಯಾವಾಗಲೋ ಒಂದು ದಿನ ಮಾತು ಮತ್ತೆ ಶುರುವಾಯಿತಂತೆ, ಕೂಸಿನ ಹಲ್ಲಿನ ವಿಷಯಕ್ಕೆ. ಕ್ಷಮೆ ಕೇಳಿದರೋ, ಕೊಟ್ಟಳೋ, ನನಗೆ ಗೊತ್ತಿಲ್ಲ. ಫಕೀರವ್ವ ಸತ್ತ ಮೇಲೆ ಸಿಸ್ಟರ್ ಎರಡು ವರ್ಷ ಬದುಕಿದ್ದರು. ಕೊನೆಯ ಸಲ ಕಂಡಾಗ ನನ್ನನ್ನು ಹತ್ತಿರ ಕರೆದು, "ನಾನು ಸರಿ ಇದ್ದೆ ಅಂತ ಈಗಲೂ ಅನಿಸ್ತದೆ ತಾಯಿ, ಅದೇ ಕಷ್ಟ" ಎಂದರು.

ಚೀಟಿ ಧಣಿಯ ಮೇಜಿನಿಂದ ಆಯಾ ಮನುಷ್ಯನ ಕೈಗೆ ಬರಲು ಇನ್ನೂ ಒಂಬತ್ತು ವರ್ಷ ಬೇಕಾಯಿತು. ಈಗ ಯಾರ ಚೀಟಿಗೂ ಯಾರ ಸಹಿಯೂ ಬೇಡ. ಸಿಸ್ಟರುಗಳ ಆಸ್ಪತ್ರೆ ನಡೆಯುತ್ತಿದೆ, ಅವರು ಏನು ಕೊಡಬಾರದೋ ಅದನ್ನು ಕೊಡುವುದಿಲ್ಲ. ಪಕ್ಕದ ಓಣಿಯ ಗೂಡು ಕೊಡುತ್ತದೆ. ಒಲ್ಲೆ ಅರ್ಜಿ ತರುವವರೇ ಇಲ್ಲದೆ ನನ್ನ ಕೋಣೆಯನ್ನು ಬೀಜದ ಉಗ್ರಾಣ ಮಾಡಿದ್ದಾರೆ. ಇಷ್ಟು ಸರಳ. ಇದನ್ನು ಕಂಡುಕೊಳ್ಳಲು ನಮಗೆ ಒಬ್ಬಳ ಎದೆ ಬೇಕಾಯಿತು.

ಹೋದ ತಿಂಗಳು ದ್ಯಾಮವ್ವ ನನ್ನ ಮನೆಗೆ ಬಂದಿದ್ದಳು. ಈಗ ಮೂವತ್ಮೂರು ವರ್ಷ. ಜಲಾಶಯದ ದೋಣಿಗಳ ಎಂಜಿನು ರಿಪೇರಿ ಮಾಡುತ್ತಾಳೆ, ಗಟ್ಟಿಮುಟ್ಟಾದ ಹೆಂಗಸು, ನಕ್ಕರೆ ಓಣಿಗೆಲ್ಲ ಕೇಳಿಸುತ್ತದೆ. ದಫ್ತರಖಾನೆಯಿಂದ ಅವ್ವನ ಆಲಿಕೆಯ ದನಿಪಟ್ಟಿ ತರಿಸಿಕೊಂಡಿದ್ದಳಂತೆ, ಅವ್ವನ ಸ್ವರ ನೆನಪಿರಲಿಲ್ಲವಂತೆ. ಅದಕ್ಕೇ ಮೂರು ಸಲ ಕೇಳಿದಳಂತೆ. ನಾನು ಚಹ ಕೊಟ್ಟೆ. ಕುಡಿದು, ಲೋಟ ಕೆಳಗಿಟ್ಟು ಹೇಳಿದಳು:

"ಬಾಯಾರ, ನೀವು ಮೂರನೇ ತಿಂಗಳದಾಗ ಅಪ್ಪಣಿ ಬರದಿದ್ರ ನಮ್ಮವ್ವ ಇರ್ತಿದ್ಲು. ನಾ ಇರ್ತಿದ್ದಿಲ್ಲ. ಹೌದಿಲ್ರಿ?"

ಹೌದು ಎಂದೆ.

"ನಂಗ ಯಾರ ಮ್ಯಾಲೆ ಸಿಟ್ಟಾಗಬೇಕು ಅನ್ನೋದ ಗೊತ್ತಾಗವಲ್ದು" ಎಂದಳು. "ಮನ್ಯಾಗ ಅಣ್ಣಾರು ನನ್ನ ಮುಖಾ ನೋಡೂ ಮುಂದ ಏನ್ ನೆನಸ್ತಾರೋ ಅಂತ ಒಮ್ಮೊಮ್ಮೆ ಅಂಜಿಕಿ ಆಗತೈತಿ." ಹೋಗುವಾಗ ನನ್ನ ಬಾಗಿಲ ತಿರುಗಣಿ ಕಿರುಗುಟ್ಟುವುದನ್ನು ಕೇಳಿ, ಚೀಲದಿಂದ ಎಣ್ಣೆ ತೆಗೆದು ಎರಡು ಹನಿ ಬಿಟ್ಟು ಹೋದಳು.

ಅವಳಿಗೆ ನಾನು ಏನು ಹೇಳಬೇಕಿತ್ತು ಎಂದು ಆವತ್ತಿನಿಂದ ಯೋಚಿಸುತ್ತಿದ್ದೇನೆ. ನಾನೂ ಒಬ್ಬರ ಒಲ್ಲೆ ಎಂಬ ಮಾತಿನಿಂದ ಹುಟ್ಟಿದವಳು. ಅವಳು ನನ್ನ ಅಂಜಿಕೆಯಿಂದ ಹುಟ್ಟಿದವಳು. ನಾವಿಬ್ಬರೂ ಇದ್ದೇವೆ ಎನ್ನುವುದು ಯಾವ ಅಪ್ಪಣೆಯನ್ನೂ ಸರಿ ಮಾಡುವುದಿಲ್ಲ. ನನಗೆ ಅಷ್ಟು ಮಾತ್ರ ಗೊತ್ತು, ಅದನ್ನು ಅವಳೆದುರು ಹೇಳಲಾಗಲಿಲ್ಲ.

ನಿಮ್ಮ ಕಾಲದ ಕಡತಗಳಲ್ಲೂ ಇದೇ ತಕರಾರು ಕಂಡಿದ್ದೇನೆ, ಬೇರೆ ದೇಶಗಳದ್ದು, ಬೇರೆ ಹೆಸರಿನದ್ದು. ಒಬ್ಬರು ನನ್ನ ದೇವರು ಎನ್ನುತ್ತಾರೆ, ಒಬ್ಬರು ನನ್ನ ಮೈ ಎನ್ನುತ್ತಾರೆ, ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಅವರಲ್ಲಿ ಯಾರನ್ನು ಸೋಲಿಸಬೇಕು ಎಂದು ವರ್ಷಗಟ್ಟಲೆ ವಾದ ಮಾಡುತ್ತೀರಿ. ಒಬ್ಬರ ಸಹಿಯನ್ನು ಇನ್ನೊಬ್ಬರ ಮದ್ದಿಗೆ ಕಟ್ಟಿಹಾಕಿದ್ದು ಯಾರು, ಯಾಕೆ ಎಂದು ಮಾತ್ರ ಕೇಳುವುದಿಲ್ಲ. ಅದನ್ನು ಕೇಳಿ. ಕೇಳುವವರೆಗೆ ಎಲ್ಲವೂ ಇದ್ದಹಾಗೇ ಇರಲಿ ಎಂದು ಬರೆಯಬೇಡಿ, ಇದ್ದಹಾಗೆ ಯಾವುದೂ ಇರುವುದಿಲ್ಲ. ತಿಂಗಳು ಓಡುತ್ತಿರುತ್ತದೆ, ಯಾರದೋ ಮೈಯೊಳಗೆ ಓಡುತ್ತಿರುತ್ತದೆ.

ಹೆಚ್ಚು ಬರೆಯುವ ತ್ರಾಣವಿಲ್ಲ. ನಾಳೆ ಒಂದನೆಯ ತಿಂಗಳ ಮೊದಲ ದಿನ, ಕಾಲುವೆಗೆ ನೀರು ಬಿಡುತ್ತಾರೆ. ಜಲಾಶಯದ ಕಟ್ಟೆಗೆ ಹೋಗಿ ದ್ಯಾಮವ್ವನನ್ನು ಹುಡುಕಬೇಕೆಂದಿದ್ದೇನೆ. ಹೇಳಲು ಏನೂ ಇಲ್ಲ, ಆದರೂ ಹೋಗುತ್ತೇನೆ. ನೀವು ಹುಷಾರಾಗಿರಿ.

ನೀಲಾಂಬಿಕೆ ಹೊಂಬಳ
ನಿವೃತ್ತ ಆಲಿಕೆದಾರಳು